ಮೊದಲ ಕೋರ್ಸಿಗಾದರೂ ಎದುರಿಗೊಬ್ಬ ಮಾಸ್ತರು ಇರಲಿ

ಮೊನ್ನೆ ಗುರುವಾರ ಸಂಜೆ ಹಾಜರಿ ತೆಗೆದುಕೊಂಡೆ. 14 ಜನರ ಕ್ಲಾಸು. ಮೂವರಿಗೆ ಹಡಗಿನಲ್ಲಿ ಡ್ಯೂಟಿ, ಅಂದರೆ ಹಗಲೂ ರಾತ್ರಿ ಅಲ್ಲೇ ಇರಬೇಕು. ಒಬ್ಬಳ ಹಡಗು ಹೇಳಿದ್ದಕ್ಕಿಂತ ಎರಡು ದಿನ ಮೊದಲೇ ಹೊರಟುಬಿಟ್ಟಿದೆ, ಎಲ್ಲಿಗೆ, ಯಾವಾಗ ವಾಪಸ್ಸು ಅಂತ ನಾನು ಕೇಳುವ ಹಾಗೂ ಇಲ್ಲ, ಅವಳು ಹೇಳುವ ಹಾಗೂ ಇಲ್ಲ. ಉಳಿದ ಹತ್ತು ಜನರಲ್ಲಿ ಒಬ್ಬ ಹಿಂದಿನ ಸಾಲಿನಲ್ಲಿ ಪೆನ್ನು ಹಿಡಿದುಕೊಂಡೇ ನಿದ್ದೆ ಹೋಗಿದ್ದ. ಬೂಟಿನ ಮೇಲೆ ಬೂದು ಪೇಂಟಿನ ಹನಿಗಳು. ಬೆಳಗಿನಿಂದ ಹಡಗಿನ ತುಕ್ಕು ಕೆರೆದು ಬಣ್ಣ ಹೊಡೆದು ಬಂದಿದ್ದಾನೆ ಪಾಪ. ಎಬ್ಬಿಸಲಿಲ್ಲ. ಅರ್ಧ ಗಂಟೆ ಬಿಟ್ಟು ತಾನೇ ಎದ್ದು, ಬೋರ್ಡು ನೋಡಿ, ಗಾಬರಿಯಿಂದ ಎಲ್ಲ ಬರೆದುಕೊಳ್ಳತೊಡಗಿದ.

ನಾನು ಕಲಿಸುವುದು ಬೀಜಗಣಿತ. ಅಮೆರಿಕದ ವರ್ಜೀನಿಯಾದಲ್ಲಿ, ನಾರ್ಫೋಕ್ ನೌಕಾನೆಲೆಯ ಹುಡುಗ ಹುಡುಗಿಯರಿಗೆ. ಜಗತ್ತಿನಲ್ಲೇ ಅತಿ ದೊಡ್ಡ ನೌಕಾನೆಲೆ ಇದು. ನಾನು ನೌಕಾಪಡೆಯವಳಲ್ಲ, ಇಲ್ಲಿನ ಒಂದು ಕಾಲೇಜಿನ ಪಾರ್ಟ್‌ಟೈಮ್ ಲೆಕ್ಚರರ್, ಇವರ ಭಾಷೆಯಲ್ಲಿ ಅಡ್ಜಂಕ್ಟ್. ವಾರಕ್ಕೆ ಎರಡು ಸಂಜೆ, ಒಂದೊಂದು ಸಲಕ್ಕೆ ಮೂರು ಗಂಟೆ, 8 ವಾರಕ್ಕೆ ಕೋರ್ಸ್ ಮುಗಿಯಬೇಕು. ಊರಿನಲ್ಲಿ ಯಾರಾದರೂ ಕೇಳಿದರೆ ಅಮ್ಮ "ಮಗಳು ಅಮೆರಿಕದ ನೇವಿಯಲ್ಲಿದ್ದಾಳೆ" ಅಂದುಬಿಡುತ್ತಾಳೆ. ತಿದ್ದಿ ತಿದ್ದಿ ಸಾಕಾಗಿದೆ.

ನಮ್ಮದು ಅಂಕೋಲಾ. ಕಾರವಾರದ ಅರಗಾ ಕಡೆ ನೌಕಾನೆಲೆ ಬಂದದ್ದು, ಎಷ್ಟೋ ಮನೆಯವರು ಜಾಗ ಬಿಟ್ಟು ಎದ್ದದ್ದು, ಇದೆಲ್ಲ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. 1986ರಲ್ಲಿ ಅಡಿಗಲ್ಲು, 2005ರಲ್ಲಿ ಐಎನ್‌ಎಸ್ ಕದಂಬ. ನಡುವಿನ ಅಷ್ಟೂ ವರ್ಷ ನಮಗೆ ನೇವಿ ಅಂದರೆ ಬಸ್ಸಿನ ಕಿಟಕಿಯಿಂದ ಕಾಣುವ ಕಾಂಪೌಂಡು. ಅಂಥವಳು ಈಗ ಬೇರೆ ದೇಶದ ನೇವಿ ಗೇಟಿನಲ್ಲಿ ಕಾರ್ಡು ತೋರಿಸಿ ಒಳಗೆ ಹೋಗಿ ಪಾಠ ಮಾಡುತ್ತೇನೆ. ಮೊದಲ ಸಲ ಗೇಟಿನ ಹುಡುಗ ಕಾರ್ಡು ನೋಡಿ "ಗುಡ್ ಈವ್ನಿಂಗ್ ಮ್ಯಾಮ್" ಅಂದಾಗ ಕಾರಿನಲ್ಲಿ ಒಬ್ಬಳೇ ನಕ್ಕಿದ್ದೆ. ಕ್ಲಾಸಿನಲ್ಲೂ ಎಲ್ಲರೂ ಮ್ಯಾಮ್ ಅನ್ನುತ್ತಾರೆ, ಮಾತಿಗೊಂದು ಮ್ಯಾಮ್. ನಮ್ಮ ಕಡೆಯ ಹಾಗೆ "ಅಕ್ಕೋರೇ" ಅಂದಿದ್ದರೆ ಎಷ್ಟು ಚಂದ ಇತ್ತು ಅಂತ ಅನ್ನಿಸುತ್ತದೆ, ಸುಮ್ನೆ.

ಇದೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ಹೋದ ವಾರ ಒಂದು ಮೀಟಿಂಗಿನಲ್ಲಿ ಮತ್ತೆ ಅದೇ ಮಾತು ಬಂತು. "ನೇವಿಯವರು ಒಂದು ಕಡೆ ನಿಲ್ಲುವುದಿಲ್ಲ, ಎಲ್ಲ ಆನ್‌ಲೈನ್ ಮಾಡಿಬಿಡೋಣ, ಅವರಿಗೂ ಅನುಕೂಲ." ಎಲ್ಲರೂ ತಲೆ ಆಡಿಸಿದರು. ನಾನೂ ಆಡಿಸಿದೆ, ಅಡ್ಜಂಕ್ಟ್ ಅಲ್ವಾ. ಮನೆಗೆ ಬರುವಾಗ ಸುರಂಗದ ಟ್ರಾಫಿಕ್‌ನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಹಾಕಿಕೊಂಡು (ಹ್ಯಾಂಪ್ಟನ್ ಕಡೆ ಮನೆ ಇರುವವರಿಗೆ ಗೊತ್ತು ಈ ಕರ್ಮ) ನನ್ನ ಮೇಲೇ ಸಿಟ್ಟು ಬಂತು. ಅಲ್ಲಿ ಹೇಳದೆ ನುಂಗಿಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ದುಡ್ಡಿನ ಲೆಕ್ಕ ಹೇಳುತ್ತೇನೆ, ಅದು ಗೊತ್ತಿಲ್ಲದಿದ್ದರೆ ಉಳಿದದ್ದು ಅರ್ಥ ಆಗುವುದಿಲ್ಲ. ಕೆಲಸದಲ್ಲಿರುವಾಗ ಓದುವವರಿಗೆ ಇಲ್ಲಿ ಟ್ಯೂಶನ್ ಅಸಿಸ್ಟೆನ್ಸ್ ಅಂತ ಇದೆ. ಒಂದು ಕ್ರೆಡಿಟ್ಟಿಗೆ (ಕೋರ್ಸ್ ಎಷ್ಟು ದೊಡ್ಡದು ಅಂತ ಅಳೆಯುವ ಲೆಕ್ಕ ಇದು) 250 ಡಾಲರ್‌ವರೆಗೆ ನೌಕಾಪಡೆ ಕಟ್ಟುತ್ತದೆ. 3 ಕ್ರೆಡಿಟ್ಟಿನ ಕೋರ್ಸಿಗೆ 750. ಒಳ್ಳೆಯ ಸೌಲಭ್ಯ, ಅದರಲ್ಲಿ ಎರಡು ಮಾತಿಲ್ಲ. ಡಿಗ್ರಿ ಇದ್ದರೆ ಬಡ್ತಿಯ ಲೆಕ್ಕದಲ್ಲೂ ಪಾಯಿಂಟ್ ಸೇರುತ್ತದೆ, ಹಾಗಾಗಿ ಹುಡುಗರಿಗೆ ಆಸೆ. ಆದರೆ ಡಿಗ್ರಿ ಕೋರ್ಸಿನಲ್ಲಿ ಸಿ ಗ್ರೇಡಿಗಿಂತ ಕೆಳಗೆ ಬಂದರೆ ಆ ದುಡ್ಡನ್ನು ವಾಪಸ್ ಕಟ್ಟಬೇಕು. ಹಡಗಿನ ಕೆಲಸದಿಂದಾಗಿಯೇ ಕೋರ್ಸ್ ಬಿಡಬೇಕಾಯಿತು ಅಂತ ಮೇಲಧಿಕಾರಿಯಿಂದ ಕಾಗದ ತಂದರೆ ಮಾಫಿ ಸಿಗುತ್ತದೆ. "ನನಗೆ ಭಿನ್ನರಾಶಿ ತಲೆಗೆ ಹತ್ತಲಿಲ್ಲ" ಅನ್ನುವುದಕ್ಕೆ ಯಾರೂ ಕಾಗದ ಕೊಡುವುದಿಲ್ಲ.

ಈಗ 20 ವರ್ಷದ ಒಬ್ಬ ಹುಡುಗನನ್ನು ನೆನೆಸಿಕೊಳ್ಳಿ. ಹೈಸ್ಕೂಲಿನಲ್ಲಿ ಲೆಕ್ಕದ ಮಾಸ್ತರ ಕೈಯಲ್ಲಿ "ನಿನಗೆ ಇದು ಆಗಲ್ಲ" ಅನ್ನಿಸಿಕೊಂಡವನು. ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತುತ್ತಿರುವ ಮೊದಲಿಗ ಇವನೇ. ಧೈರ್ಯ ಮಾಡಿ ಒಂದು ಕೋರ್ಸಿಗೆ ಸೇರುತ್ತಾನೆ, ಆನ್‌ಲೈನ್. ಹಡಗು ಸಮುದ್ರಕ್ಕೆ ಇಳಿಯುತ್ತದೆ. ಅಲ್ಲಿ ಇಂಟರ್ನೆಟ್ ಮೊದಲೇ ಕುಂಟುತ್ತದೆ. ಸಾಲದ್ದಕ್ಕೆ "ರಿವರ್ ಸಿಟಿ" ಅಂತ ಒಂದು ಆರ್ಡರ್ ಬರುತ್ತದೆ. ಹೆಸರು ಕೇಳಿ ಯಾವುದೋ ಅಪಾರ್ಟ್‌ಮೆಂಟ್ ಅಂದುಕೊಳ್ಳಬೇಡಿ, ಹಡಗಿನಿಂದ ಹೊರಗೆ ಹೋಗುವ ಮೇಲ್, ಫೋನು, ಇಂಟರ್ನೆಟ್ ಎಲ್ಲ ಬಂದ್ ಅಂತ ಅರ್ಥ. ಎಷ್ಟು ದಿನ ಅಂತ ಯಾರೂ ಹೇಳುವುದಿಲ್ಲ. ಇತ್ತ ಕಂಪ್ಯೂಟರಿನಲ್ಲಿ ಕೂತಿರುವ ಗಡಿಯಾರಕ್ಕೆ ಇದೇನೂ ಗೊತ್ತಿಲ್ಲ, ಭಾನುವಾರ ರಾತ್ರಿ 11:59ಕ್ಕೆ ಬಾಗಿಲು ಹಾಕಿ ಸೊನ್ನೆ ಹಾಕುತ್ತದೆ. ಮೇಲ್ ಕಳಿಸಿ ಸಮಯ ಕೇಳಬಹುದು, ಕೊಡುವ ಲೆಕ್ಚರರ್‌ಗಳೂ ಇದ್ದಾರೆ. ಆದರೆ ಮುಖವನ್ನೇ ನೋಡದ ಮಾಸ್ತರನ ಹತ್ತಿರ ಕೇಳಲು ಈ ಹುಡುಗನಿಗೆ ಬಾಯಿ ಬರುವುದಿಲ್ಲ. ಸುಮ್ಮನಾಗುತ್ತಾನೆ. ಎಫ್ ಬರುತ್ತದೆ. ಸಂಬಳದಲ್ಲಿ 750 ಡಾಲರ್ ಕಡಿತ. ಅವನು ಇನ್ನೊಂದು ಕೋರ್ಸಿಗೆ ಸೇರುತ್ತಾನಾ? ನೀವೇ ಹೇಳಿ.

ಇಂಥವರು ಆಮೇಲೆ ಎಷ್ಟೋ ವರ್ಷ ಬಿಟ್ಟು ನನ್ನ ಕ್ಲಾಸಿಗೆ ಬರುತ್ತಾರೆ. ಮೊದಲ ದಿನವೇ ಬಾಗಿಲ ಹತ್ತಿರದ ಕುರ್ಚಿ ಹಿಡಿಯುವವರು ಇವರೇ.

ಹಾಗೆ ಬಂದ ಒಬ್ಬ ಅಡುಗೆಯವನ ಕತೆ ಹೇಳಲೇಬೇಕು. ದೊಡ್ಡ ಹಡಗೊಂದರ ಅಡುಗೆಮನೆಯಲ್ಲಿ ಕೆಲಸ, ವಯಸ್ಸು 26 ಇರಬಹುದು. ಎರಡನೇ ವಾರ ಅನುಪಾತ ಶುರು ಮಾಡಿದೆ. ಬೋರ್ಡಿನ ಮೇಲೆ ಎಕ್ಸ್ ಬರೆದ ಕೂಡಲೇ ಅವನ ಮುಖ ಬಾಡಿತು. ಬ್ರೇಕಿನಲ್ಲಿ ಬಂದು, "ಮ್ಯಾಮ್, ನಾನು ಈ ಕೋರ್ಸ್ ಬಿಡ್ತೀನಿ, ಲೆಕ್ಕ ನನಗಲ್ಲ" ಅಂದ. ಇವತ್ತು ಮಧ್ಯಾಹ್ನ ಏನು ಅಡುಗೆ ಮಾಡಿದೆ ಅಂತ ಕೇಳಿದೆ. ಅನ್ನ, ಕೋಳಿ ಅಂದ. ಎಷ್ಟು ಜನಕ್ಕೆ? 1,850. ಎಷ್ಟು ಅಕ್ಕಿ ಅಂತ ಹೇಗೆ ಗೊತ್ತಾಗುತ್ತೆ? ಅವನು ನನ್ನನ್ನು ವಿಚಿತ್ರವಾಗಿ ನೋಡಿದ, ಇಷ್ಟೂ ಗೊತ್ತಿಲ್ವಾ ಅನ್ನುವ ಹಾಗೆ. ಅಲ್ಲಿ ಎಲ್ಲ ಅಡುಗೆಗೂ ಅಚ್ಚು ಹಾಕಿದ ಕಾರ್ಡು ಇರುತ್ತದಂತೆ, ಪ್ರತಿ ಕಾರ್ಡೂ 100 ಜನಕ್ಕೆ. "ಕಾರ್ಡಿನಲ್ಲಿ 12 ಪೌಂಡ್ ಅಂದರೆ 222 ಪೌಂಡ್ ಬೇಕು ಮ್ಯಾಮ್." ಪೆನ್ನು ಮುಟ್ಟಲಿಲ್ಲ, ಫೋನು ಮುಟ್ಟಲಿಲ್ಲ. ಆಮೇಲೆ ತಾನೇ ಸೇರಿಸಿದ, "ಆದರೆ ನಾನು 230 ತೆಗೆಸ್ತೀನಿ, ತಳ ಹಿಡಿಯತ್ತೆ. ಉಪ್ಪು ಮಾತ್ರ ಕಾರ್ಡಿನ ಲೆಕ್ಕದಲ್ಲಿ ಹಾಕೋದೇ ಇಲ್ಲ, ರುಚಿ ನೋಡಿ ಹಾಕ್ತೀನಿ."

ನನಗೆ ನಮ್ಮೂರ ಮದುವೆ ಮನೆಗಳ ಅಡುಗೆ ಭಟ್ಟರು ನೆನಪಾದರು. "ಸಾವಿರ ಎಲೆ" ಅಂದರೆ ಸಾಕು, ಬೇಳೆ ಇಷ್ಟು, ಕಾಯಿ ಇಷ್ಟು ಅಂತ ಬಾಯಲ್ಲೇ ಪಟ್ಟಿ ಬರೆಸುತ್ತಿದ್ದರು.

ಬ್ರೇಕ್ ಮುಗಿದ ಮೇಲೆ ಬೋರ್ಡಿನಲ್ಲಿದ್ದ ಪುಸ್ತಕದ ಲೆಕ್ಕ ಅಳಿಸಿ ಅವನ ಅಕ್ಕಿ ಬರೆದೆ. 12ರ ಕೆಳಗೆ 100, ಎಕ್ಸ್‌ನ ಕೆಳಗೆ 1,850. "ನೀನು ಈಗ ಮಾಡಿದ್ದು ಇದೇ ಕಣಪ್ಪ" ಅಂದೆ, ಇಂಗ್ಲಿಷಿನಲ್ಲೇ, ಆದರೆ ದನಿ ಮಾತ್ರ ಅಂಕೋಲಾದ್ದು. ಅವನು ತುಂಬಾ ಹೊತ್ತು ಬೋರ್ಡು ನೋಡಿದ. ಆ 8 ವಾರದಲ್ಲಿ ಅವನು ತಪ್ಪಿಸಿಕೊಂಡದ್ದು ಎರಡು ಕ್ಲಾಸ್ ಮಾತ್ರ, ಎರಡೂ ಡ್ಯೂಟಿಗೆ. ಬಿ ಗ್ರೇಡು ಬಂತು.

ಆನ್‌ಲೈನ್ ಕೋರ್ಸಿನಲ್ಲಿ ಈ ಬ್ರೇಕ್ ಎಲ್ಲಿ ಬರುತ್ತದೆ? ಕೋರ್ಸ್ ಬಿಡುತ್ತೇನೆ ಅಂತ ಹೇಳುವುದಕ್ಕೆ ಅಲ್ಲಿ ಯಾರ ಹತ್ತಿರವೂ ಹೋಗಬೇಕಾಗಿಲ್ಲ. ಒಂದು ಬಟನ್ ಒತ್ತಿದರೆ ಮುಗಿಯಿತು.

ನಾನು ಆನ್‌ಲೈನ್ ವಿರೋಧಿ ಅಲ್ಲ, ದಯವಿಟ್ಟು ಕಮೆಂಟಿನಲ್ಲಿ ಅದಕ್ಕೆ ಬಡಿಯಬೇಡಿ. ನಾನೇ ಎರಡು ಆನ್‌ಲೈನ್ ಕ್ಲಾಸ್ ತೆಗೆದುಕೊಳ್ಳುತ್ತೇನೆ. ಆರೇಳು ತಿಂಗಳು ಸಮುದ್ರದಲ್ಲಿರುವವರಿಗೆ ಅದಿಲ್ಲದೆ ಡಿಗ್ರಿ ಮುಗಿಸಲು ಆಗುವುದೇ ಇಲ್ಲ. ನಾಲ್ಕೈದು ಕೋರ್ಸ್ ಮುಗಿಸಿದವರು, ಓದುವ ಅಭ್ಯಾಸ ಕೈಗೆ ಹತ್ತಿದವರು ಎಲ್ಲಿ ಬೇಕಾದರೂ ಓದುತ್ತಾರೆ. ನನ್ನ ತಕರಾರು ಮೊದಲ ಕೋರ್ಸಿನದು ಮಾತ್ರ, ಅದರಲ್ಲೂ ಲೆಕ್ಕ ಮತ್ತು ಇಂಗ್ಲಿಷ್ ಬರವಣಿಗೆ. ಹಡಗು ದಕ್ಕೆಯಲ್ಲಿ ಕಟ್ಟಿರುವ ತಿಂಗಳುಗಳೂ ಇರುತ್ತವಲ್ಲ, ರಿಪೇರಿಗೆ ನಿಂತ ಹಡಗಾದರಂತೂ ವರ್ಷಗಟ್ಟಲೆ ಅಲ್ಲೇ. ಆಗ ಮಾಡಿ. ಒಂದು ರೂಮು, ಒಂದು ಬೋರ್ಡು, ಒಬ್ಬ ಮನುಷ್ಯ, ಜಾಸ್ತಿ ಏನೂ ಬೇಡ.

ಹಿಂದೆ ಇದು ನೌಕಾಪಡೆಗೂ ಕಾಲೇಜುಗಳಿಗೂ ಗೊತ್ತಿತ್ತು. 1949ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ತನ್ನ ಮಾಸ್ತರುಗಳನ್ನೇ ಜರ್ಮನಿಗೆ ಕಳಿಸಿ ಅಲ್ಲಿದ್ದ ಸೈನಿಕರಿಗೆ ಪಾಠ ಶುರು ಮಾಡಿತು, 1956ರಲ್ಲಿ ಜಪಾನ್ ಕಡೆಗೂ ಹೋಯಿತು. ಯುದ್ಧ ಮುಗಿದು ನಾಲ್ಕೇ ವರ್ಷ, ಊರೂರು ಬಾಂಬಿಗೆ ಬಿದ್ದಿದ್ದ ದೇಶಕ್ಕೆ ಪುಸ್ತಕ ಹೊತ್ತುಕೊಂಡು ಹೋದವರು ಅವರು. ನೌಕಾಪಡೆಯಲ್ಲಿ "ಪೇಸ್" ಅಂತ ಇನ್ನೊಂದು ಏರ್ಪಾಡು, ಮಾಸ್ತರನನ್ನೇ ಹಡಗು ಹತ್ತಿಸುವುದು. ನಾನು ಸೇರಿದ ಹೊಸತರಲ್ಲಿ ನಮ್ಮ ಸ್ಟಾಫ್‌ರೂಮಿನಲ್ಲಿ ಒಬ್ಬ ಹಿರಿಯರಿದ್ದರು, ಹಾಗೆ ವಿಮಾನವಾಹಕ ಹಡಗು ಹತ್ತಿದವರು. ಊಟದ ಹಾಲಿನ ಮೂಲೆಯಲ್ಲಿ ಇತಿಹಾಸದ ಪಾಠ. ತಲೆಯ ಮೇಲೆ ವಿಮಾನ ಹಾರಿಸುವಾಗ ಇಡೀ ಕೋಣೆ ಅದುರುತ್ತಿತ್ತಂತೆ, ಮಾತು ನಿಲ್ಲಿಸಿ ಕಾಯುವುದು, ಮತ್ತೆ ಅರ್ಧದ ವಾಕ್ಯದಿಂದ ಶುರು. "ನಾನು ಕಲಿಸಿದ ಎಲ್ಲ ಕ್ಲಾಸುಗಳಲ್ಲಿ ಅದೇ ಒಳ್ಳೆಯದು, ಯಾಕಂದರೆ ಅವರಿಗೆ ಓಡಿಹೋಗಲು ಜಾಗ ಇರಲಿಲ್ಲ" ಅಂತ ನಗುತ್ತಿದ್ದರು. ಅವರಿಗೆ ವಾಂತಿ ನಿಲ್ಲಲು ಒಂದು ವಾರ ಬೇಕಾಯಿತು ಅನ್ನುವುದನ್ನು ಅವರ ಹೆಂಡತಿ ಹೇಳಿದ್ದು.

2016ರಲ್ಲಿ ಇನ್ನೊಂದು ಆಯಿತು. ಅಮೆರಿಕದ ನೆಲದ ನೆಲೆಗಳಲ್ಲಿದ್ದ ನೇವಿ ಕಾಲೇಜ್ ಆಫೀಸುಗಳನ್ನು ಮುಚ್ಚಿ ಎಲ್ಲವನ್ನೂ ಫೋನು, ವೆಬ್‌ಸೈಟಿಗೆ ತಂದರು. ಖರ್ಚು ಉಳಿಯಿತು, ನಿಜ. ಮೊದಲು ಏನಾಗುತ್ತಿತ್ತು ಅಂದರೆ, ಹುಡುಗ ಆ ಆಫೀಸಿಗೆ ಹೋಗಿ "ನಾನು ಓದಬೇಕು, ಎಲ್ಲಿಂದ ಶುರು ಮಾಡಲಿ" ಅಂತ ಕೇಳುತ್ತಿದ್ದ, ಅಲ್ಲಿದ್ದ ಹೆಂಗಸು ಅವನ ಮುಖ ನೋಡಿ, ಹಳೆಯ ಮಾರ್ಕ್ಸ್ ನೋಡಿ, ಈಗಲೇ ಲೆಕ್ಕ ಬೇಡ, ಮೊದಲು ಇದು ತಗೋ ಅಂತಲೋ, ಮಂಗಳವಾರದ ಸಂಜೆ ಕ್ಲಾಸಿಗೆ ಹೋಗು ಅಂತಲೋ ಕಳಿಸುತ್ತಿದ್ದಳು. ನನ್ನ ಎಷ್ಟೋ ವಿದ್ಯಾರ್ಥಿಗಳು ಹಾಗೆ ಬಂದವರು. ಈಗ ಅವನು ಮೊದಲು ನೋಡುವುದು ಫೋನಿನಲ್ಲಿ ಬರುವ ಜಾಹೀರಾತು.

ಆ ಜಾಹೀರಾತಿನ ಹಿಂದೆಯೂ ಒಂದು ಕತೆ ಇದೆ. ಲಾಭಕ್ಕೆ ನಡೆಯುವ ಕಾಲೇಜುಗಳ ಆದಾಯದಲ್ಲಿ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿನ ದುಡ್ಡು 90 ಪರ್ಸೆಂಟ್ ದಾಟಬಾರದು ಅಂತ ಇಲ್ಲಿ ಕಾನೂನು. ಆದರೆ ಸೈನಿಕರ ಓದಿಗೆ ಕೊಡುವ ದುಡ್ಡು ಸರ್ಕಾರದ್ದೇ ಆದರೂ ಆ 90ರಲ್ಲಿ ಸೇರುತ್ತಿರಲಿಲ್ಲ, ಉಳಿದ 10ರಲ್ಲಿ ಎಣಿಸಬಹುದಿತ್ತು. ಹಾಗಾಗಿ ಒಬ್ಬ ಸೈನಿಕ ಸಿಕ್ಕರೆ ಆ ಕಾಲೇಜುಗಳಿಗೆ ಹಬ್ಬ. 2021ರಲ್ಲಿ ಕಾನೂನು ಬದಲಾಯಿಸಿ, 2023ರಿಂದ ಆ ಕಿಂಡಿ ಮುಚ್ಚಿದರು. ಅಷ್ಟರಲ್ಲಿ ಎಷ್ಟು ಜನ ಹುಡುಗರು ಕೆಲಸಕ್ಕೆ ಬಾರದ ಕ್ರೆಡಿಟ್ಟುಗಳನ್ನು ಹಿಡಿದುಕೊಂಡು ನನ್ನ ಮುಂದೆ ಬಂದು ಕೂತಿದ್ದಾರೆ! "ಇದನ್ನು ನಿಮ್ಮ ಕಾಲೇಜು ತಗೊಳ್ಳತ್ತಾ ಮ್ಯಾಮ್?" ಇಲ್ಲಪ್ಪ ಅನ್ನುವುದು ನನಗೆ ಬಹಳ ಕಷ್ಟದ ಕೆಲಸ.

ಇನ್ನು ನಮ್ಮಂಥ ಅಡ್ಜಂಕ್ಟ್‌ಗಳ ಕಡೆಯದು. ಒಂದು ಕೋರ್ಸಿಗೆ ನನಗೆ ಸಿಗುವುದು 3,000 ಡಾಲರ್ ಚಿಲ್ಲರೆ. ಇನ್ಶೂರೆನ್ಸ್ ಇಲ್ಲ, ಮುಂದಿನ ಟರ್ಮಿನ ಭರವಸೆ ಇಲ್ಲ. 8 ಜನ ಸೇರದಿದ್ದರೆ ಕ್ಲಾಸೇ ರದ್ದು, ಅದೂ ಶುರುವಾಗುವ ಎರಡು ಮೂರು ದಿನ ಮೊದಲು. ಡ್ಯೂಟಿಗೆ ಹೋದವರಿಗೆ ಶನಿವಾರ ಕಾಫಿ ಅಂಗಡಿಯಲ್ಲಿ ಕೂತು ತಪ್ಪಿದ ಪಾಠ ಹೇಳಿಕೊಡುವುದು, ಸಮುದ್ರಕ್ಕೆ ಹೋಗುವವಳಿಗೆ ಎರಡು ವಾರದ ಲೆಕ್ಕ ಪ್ರಿಂಟ್ ಹಾಕಿ ಕೈಗೆ ಕೊಡುವುದು, ಇದಕ್ಕೆಲ್ಲ ಯಾವ ಬಿಲ್ಲೂ ಇಲ್ಲ. ಇದನ್ನು ತ್ಯಾಗ ಅಂತ ಹೇಳಿಕೊಳ್ಳಲು ನನಗೆ ಇಷ್ಟ ಇಲ್ಲ. ಗಂಡನ ಸಂಬಳ ಇದೆ, ಹಾಗಾಗಿ ನನಗೆ ನಡೆಯುತ್ತದೆ. ಒಂಟಿಯಾಗಿ ಮನೆ ನಡೆಸುವ ನನ್ನ ಸಹೋದ್ಯೋಗಿ ಇಂಥದ್ದೇ ನಾಲ್ಕು ಕಡೆ ಓಡುತ್ತಾಳೆ, ಅವಳ ಕಾರಿನ ಹಿಂದಿನ ಸೀಟೇ ಅವಳ ಆಫೀಸು. ಮಿಲಿಟರಿಯವರನ್ನು ಕಂಡರೆ ಅಂಗಡಿಯಲ್ಲೂ ಏರ್‌ಪೋರ್ಟಿನಲ್ಲೂ ಥ್ಯಾಂಕ್ಸ್ ಹೇಳುವ ದೇಶ ಇದು, ಅವರಿಗೆ ಕಲಿಸುವವರನ್ನು ಮಾತ್ರ ದಿನಗೂಲಿಯ ಹಾಗೆ ಇಟ್ಟುಕೊಂಡಿದೆ. ಎದುರಿಗೆ ನಿಂತು ಕಲಿಸುವ ಕ್ಲಾಸ್ "ದುಬಾರಿ" ಅಂತ ಮೀಟಿಂಗಿನಲ್ಲಿ ಹೇಳುತ್ತಾರಲ್ಲ, ಆ ದುಬಾರಿಯಲ್ಲಿ ನಮ್ಮ ಪಾಲು ಎಷ್ಟು ಅಂತ ಯಾರಾದರೂ ಕೂಡಿ ನೋಡಿದ್ದಾರಾ?

ಮುಂದಿನ ಟರ್ಮಿಗೆ ನನ್ನ ಸಂಜೆ ಕ್ಲಾಸಿಗೆ ಇವತ್ತಿನವರೆಗೆ ಸೇರಿದವರು 6 ಜನ. ಇನ್ನಿಬ್ಬರು ಬೇಕು. ಈ ಕಡೆ ಇರುವ ಕನ್ನಡದವರು ಇದನ್ನು ಓದುತ್ತಿದ್ದರೆ, ನಿಮ್ಮ ಪಕ್ಕದ ಮನೆಯಲ್ಲೋ ಮಕ್ಕಳ ಸಾಕರ್ ಮೈದಾನದಲ್ಲೋ ನೇವಿಯವರು ಯಾರಾದರೂ "ಓದಬೇಕು, ಆದರೆ ಲೆಕ್ಕ ಅಂದರೆ ಭಯ" ಅಂದರೆ ನನಗೆ ಮೆಸೇಜ್ ಮಾಡಿಸಿ. ಸೋಮವಾರ ಸಂಜೆ 5 ಗಂಟೆಯವರೆಗೆ ಸಮಯ ಇದೆ.