ಬ್ಲೂಮಿಂಗ್ಟನ್-ನಾರ್ಮಲ್: ಬಾಡಿಗೆ ಏರಿಕೆಗೆ ಮಿತಿ ಬೇಕೇ?

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಮೆಕ್ಕೆಜೋಳ ಮತ್ತು ಸೋಯಾ ಹೊಲಗಳ ನಡುವೆ, ಬ್ಲೂಮಿಂಗ್ಟನ್ ಮತ್ತು ನಾರ್ಮಲ್ ಎಂಬ ಎರಡು ಊರುಗಳು ಒಂದಕ್ಕೊಂದು ಅಂಟಿಕೊಂಡಿವೆ. ಎರಡೂ ಸೇರಿ ಜನಸಂಖ್ಯೆ ಸುಮಾರು 1,30,000. ಸ್ಟೇಟ್ ಫಾರ್ಮ್ ವಿಮಾ ಕಂಪನಿ 1922ರಲ್ಲಿ ಹುಟ್ಟಿದ್ದು ಇಲ್ಲೇ. ಐಟಿ ಕೆಲಸಕ್ಕೆಂದು ಬಂದ ಕನ್ನಡದ ಮನೆಗಳೂ ಇಲ್ಲಿವೆ. ಮಿತ್ಸುಬಿಷಿ 2015ರಲ್ಲಿ ಕೆಲಸ ನಿಲ್ಲಿಸಿದ ಕಾರು ಕಾರ್ಖಾನೆಯನ್ನು ರಿವಿಯನ್ 2017ರಲ್ಲಿ ಕೊಂಡಿತು. 2021ರಿಂದ ಅಲ್ಲಿ ಎಲೆಕ್ಟ್ರಿಕ್ ಗಾಡಿಗಳು ತಯಾರಾಗುತ್ತಿವೆ. ಸಾವಿರಾರು ಜನ ಕೆಲಸಕ್ಕೆ ಬಂದರು. ಮನೆಗಳು ಅಷ್ಟು ಬೇಗ ಏಳಲಿಲ್ಲ. ಬಾಡಿಗೆ ಏರಿತು. ಆದರೆ ಇಲಿನಾಯ್‌ನ 1997ರ ಕಾನೂನಿನ ಪ್ರಕಾರ ಯಾವ ಊರೂ ಬಾಡಿಗೆಗೆ ಮಿತಿ ಹಾಕುವಂತಿಲ್ಲ. ಆ ಕಾನೂನು ತೆಗೆದು, ವರ್ಷದ ಏರಿಕೆಗೆ ಕಡಿವಾಣ ಹಾಕಬೇಕೇ? ಇಲ್ಲಿ ಬಾಡಿಗೆಗಿರುವ ಇಬ್ಬರ ಮಾತು ಕೇಳಿ.

ಪರ: ಇದ್ದ ಮನೆಯಲ್ಲಿ ಇರಲು ಬಿಡಿ

ಲೀಸ್, ಅಂದರೆ ಬಾಡಿಗೆ ಕರಾರು, ಮುಗಿಯಲು ಎರಡು ತಿಂಗಳಿತ್ತು. ಒಂದು ಸಂಜೆ ಬಂದು ನೋಡಿದರೆ ಬಾಗಿಲ ಸಂದಿಯಲ್ಲಿ ಕಾಗದ ಸಿಕ್ಕಿಸಿದ್ದರು. ತಿಂಗಳಿಗೆ 1,080 ಡಾಲರ್ ಇದ್ದದ್ದು ಇನ್ನು ಮುಂದೆ 1,290. ಕೆಳಗೆ ಗುರುತು ಹಾಕಲು ಎರಡು ಚೌಕ: ಒಪ್ಪಿಗೆ, ಇಲ್ಲವೇ ಖಾಲಿ ಮಾಡುತ್ತೇನೆ. ಅಡುಗೆಮನೆಯ ನಲ್ಲಿ ಮೂರು ವಾರದಿಂದ ಸೋರುತ್ತಿತ್ತು. ಹೊಸ ಬಣ್ಣ ಇಲ್ಲ, ಹೊಸ ಕಾರ್ಪೆಟ್ ಇಲ್ಲ. ಯಾಕೆ ಇಷ್ಟು ಅಂತ ಕೇಳಿದರೆ "ಮಾರ್ಕೆಟ್ ರೇಟ್" ಅಂದರು. ಅಷ್ಟೇ.

ಬೇರೆ ಮನೆಗೆ ಹೋಗಬಹುದಲ್ಲ ಅನ್ನುವವರು ಒಮ್ಮೆ ಲೆಕ್ಕ ಹಾಕಿ ನೋಡಲಿ. ಹೊಸ ಡೆಪಾಸಿಟ್, ಮೊದಲ ತಿಂಗಳ ಬಾಡಿಗೆ, ಒಬ್ಬೊಬ್ಬರಿಗೂ ಅರ್ಜಿ ಶುಲ್ಕ, ಸಾಮಾನು ಸಾಗಿಸಲು ಟ್ರಕ್. ಬಾಡಿಗೆಯ ಮೂರು ಪಟ್ಟು ಸಂಬಳ ತೋರಿಸಿ ಅಂತಾರೆ. ಇದೆಲ್ಲಕ್ಕಿಂತ ದೊಡ್ಡದು ಮಕ್ಕಳ ಶಾಲೆ. ಇಲ್ಲಿ ಯೂನಿಟ್ 5, ಡಿಸ್ಟ್ರಿಕ್ಟ್ 87 ಎಂಬ ಎರಡು ಶಾಲಾ ವಲಯಗಳಿವೆ. ಹತ್ತಿರದಲ್ಲೇ ಮನೆ ಸಿಕ್ಕಿದರೂ ಗೆರೆ ದಾಟಿದರೆ ಶಾಲೆ ಬದಲಾಗುತ್ತದೆ. ನನ್ನ ಮಗಳಿಗೆ ಈ ಊರಲ್ಲಿ ಒಬ್ಬಳು ಗೆಳತಿ ಸಿಗಲು ಒಂದು ವರ್ಷ ಹಿಡಿದಿತ್ತು. ಒಪ್ಪಿಗೆ ಅನ್ನುವ ಚೌಕಕ್ಕೆ ಗುರುತು ಹಾಕಿ ಕೊಟ್ಟೆವು. ನಾವು ಹೋಗಲಾರೆವು ಅನ್ನುವುದು ಬಾಡಿಗೆ ಕೇಳುವವರಿಗೆ ಚೆನ್ನಾಗಿ ಗೊತ್ತು. ಇದನ್ನು ಮಾರುಕಟ್ಟೆ ಅಂತ ಹೇಗೆ ಕರೆಯುವುದು?

ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಡುವಾಗ ಹೊಟ್ಟೆ ಉರಿದಿತ್ತು, ನಿಜ. ಆದರೆ ಹನ್ನೊಂದು ತಿಂಗಳಾದ ಮೇಲೆ ಶೇ 5 ಏರಿಕೆ ಅಂತ ಆ ಅಗ್ರಿಮೆಂಟಿನಲ್ಲಿ ಮೊದಲೇ ಬರೆದಿತ್ತು. ಮುಂದಿನ ವರ್ಷ ಎಷ್ಟು ಅನ್ನುವುದು ತಿಳಿದಿತ್ತು. ನಾನು ಕೇಳುತ್ತಿರುವುದೂ ಅಷ್ಟನ್ನೇ.

ನಾವು ಹೇಗೋ ತಡೆದುಕೊಂಡೆವು. ಕೆಳಗಿನ ಮನೆಯ ಅಜ್ಜಿ ಸೋಷಿಯಲ್ ಸೆಕ್ಯುರಿಟಿ ಅನ್ನುವ ಸರ್ಕಾರಿ ಪಿಂಚಣಿಯಲ್ಲಿ ಬದುಕುತ್ತಿದ್ದರು. ಅವರಿಗೂ ಅದೇ ಕಾಗದ ಬಂತು. ಹಿಮ ಬೀಳುತ್ತಿದ್ದ ಒಂದು ಶನಿವಾರ, ಕಿಟಕಿಯಲ್ಲಿದ್ದ ಗಿಡದ ಕುಂಡಗಳನ್ನು ನಮ್ಮ ಕೈಗೆ ಕೊಟ್ಟು ಪಿಯೋರಿಯಾದ ಮಗಳ ಮನೆಗೆ ಹೊರಟುಹೋದರು.

ಮಿತಿ ಅಂದರೆ ಬಾಡಿಗೆ ಏರಲೇಬಾರದು ಅಂತಲ್ಲ. ಒರೆಗಾನ್ ರಾಜ್ಯ 2019ರಲ್ಲಿ ಕಾನೂನು ಮಾಡಿತು: ವರ್ಷಕ್ಕೆ ಶೇ 7, ಜೊತೆಗೆ ಬೆಲೆ ಏರಿಕೆಯಷ್ಟು. 2023ರಲ್ಲಿ ಏನೇ ಆದರೂ ಶೇ 10 ದಾಟುವಂತಿಲ್ಲ ಅಂತ ಸೇರಿಸಿದರು. 15 ವರ್ಷದೊಳಗಿನ ಕಟ್ಟಡಕ್ಕೆ ಮಿತಿಯೇ ಇಲ್ಲ. ಹೊಸದಾಗಿ ಕಟ್ಟುವವರು ಹೆದರಬೇಕಿಲ್ಲ. ನಮ್ಮದು 1980ರ ದಶಕದ ಕಟ್ಟಡ. ಅಲ್ಲಾಗಿದ್ದರೆ 1,188 ಡಾಲರಿಗಿಂತ ಜಾಸ್ತಿ ಕೇಳಲು ಆಗುತ್ತಿರಲಿಲ್ಲ.

ವಿರೋಧ: ಬಾಗಿಲ ಹೊರಗೆ ನಿಂತವರನ್ನೂ ನೋಡಿ

2022ರ ಆಗಸ್ಟ್‌ನಲ್ಲಿ ನಾನು, ಹೆಂಡತಿ, ಮೂರು ವರ್ಷದ ಮಗ ಈ ಊರಿಗೆ ಬಂದು ಹೋಟೆಲಿನ ಒಂದು ರೂಮಿನಲ್ಲಿ ಆರು ವಾರ ಕಳೆದೆವು. ರೈಸ್ ಕುಕ್ಕರ್ ಇಡಲು ಇದ್ದ ಜಾಗ ಬಾತ್‌ರೂಮಿನ ಸಿಂಕ್ ಪಕ್ಕ ಮಾತ್ರ. ಒಗ್ಗರಣೆ ಹಾಕುವ ಹಾಗಿರಲಿಲ್ಲ, ಸ್ಮೋಕ್ ಅಲಾರಂ ಕೂಗುತ್ತಿತ್ತು. ಮಗನಿಗೆ ಮೊಸರನ್ನ, ನಮಗೆ ಮೊಸರನ್ನ. ದಿನಾ ಮಧ್ಯಾಹ್ನ ಕಾರಿನಲ್ಲಿ ಕೂತು ಅಪಾರ್ಟ್‌ಮೆಂಟ್ ಆಫೀಸುಗಳಿಗೆ ಫೋನ್ ಮಾಡುತ್ತಿದ್ದೆ. ಎಲ್ಲ ಕಡೆ ಒಂದೇ ಉತ್ತರ: ವೇಟ್‌ಲಿಸ್ಟ್‌ನಲ್ಲಿ ಹೆಸರು ಬರೆದುಕೊಳ್ಳುತ್ತೇವೆ. ಆಗ ಬಾಡಿಗೆ ಎಷ್ಟು ಅನ್ನುವುದು ನನಗೆ ಎರಡನೇ ಪ್ರಶ್ನೆ.

ಮೇಲೆ ಬರೆದವರ ನೋವು ಸುಳ್ಳಲ್ಲ. ಆ ಅಜ್ಜಿ ಹೋಗಬಾರದಿತ್ತು. ಆದರೆ ಮಿತಿ ಹಾಕಿದರೆ ಅದು ಕಾಯುವುದು ಒಳಗಿರುವವರನ್ನು. ಒಂದು ಮನೆಯನ್ನೂ ಅದು ಹೊಸದಾಗಿ ಕಟ್ಟುವುದಿಲ್ಲ.

ದೂರ ಹೋಗಬೇಕಿಲ್ಲ. ನಮ್ಮ ಹಾಗೇ ಮಿಡ್‌ವೆಸ್ಟಿನದೇ ಆದ, ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್ ನಗರವನ್ನು ನೋಡಿ. 2021ರ ನವೆಂಬರ್‌ನಲ್ಲಿ ಅಲ್ಲಿನ ಮತದಾರರು ವರ್ಷಕ್ಕೆ ಶೇ 3ರ ಮಿತಿ ತಂದರು. ಹೊಸ ಕಟ್ಟಡಕ್ಕೂ ವಿನಾಯಿತಿ ಇರಲಿಲ್ಲ. ಕೆಲವೇ ತಿಂಗಳಲ್ಲಿ ಹೊಸ ಮನೆಗಳಿಗೆ ಕೇಳುವ ಪರವಾನಗಿ ಧಡಾರನೆ ಕುಸಿಯಿತು. 2022ರಲ್ಲಿ ನಗರ ಸಭೆ ಹೊಸ ಕಟ್ಟಡಕ್ಕೆ 20 ವರ್ಷ ವಿನಾಯಿತಿ ಕೊಟ್ಟಿತು. 2025ರಲ್ಲಿ, 2004ರ ನಂತರ ಕಟ್ಟಿದ ಎಲ್ಲದಕ್ಕೂ ಕಾಯಂ ವಿನಾಯಿತಿ ಕೊಟ್ಟಿತು. ಒರೆಗಾನ್ ಮಾದರಿ ಮೆದು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಸಾಲ ಕೊಡುವ ಬ್ಯಾಂಕು 15 ವರ್ಷದ ಆಚೆಗೂ ಲೆಕ್ಕ ಹಾಕುತ್ತದೆ. ನಿಯಮ ನಾಳೆ ಬಿಗಿಯಾಗಬಹುದು ಅನ್ನುವ ಅನುಮಾನ ಬಂದರೆ ಹಣ ಪಕ್ಕದ ರಾಜ್ಯಕ್ಕೆ ಹೋಗುತ್ತದೆ.

ಇನ್ನೊಂದು ಉದಾಹರಣೆ ನಾನೇ ಕಣ್ಣಾರೆ ಕಂಡದ್ದು. ನಮ್ಮ ದೊಡ್ಡಪ್ಪ ಹೋಟೆಲ್ ಕೆಲಸಕ್ಕೆ ಮುಂಬೈಗೆ ಹೋದವರು, ಗಿರ್‌ಗಾಂವ್ ಕಡೆಯ ಒಂದು ಚಾಳಿನಲ್ಲಿದ್ದರು. 1947ರ ಕಾನೂನು ಅಲ್ಲಿನ ಹಳೆ ಮನೆಗಳ ಬಾಡಿಗೆಯನ್ನು 1940ರ ಮಟ್ಟದಲ್ಲೇ ನಿಲ್ಲಿಸಿತ್ತು. ಮೆಟ್ಟಿಲ ಕೆಳಗೆ ಮರದ ಕಂಬ ಕೊಟ್ಟು ನಿಲ್ಲಿಸಿದ್ದರು. ರಿಪೇರಿ ಮಾಡುವವರಿಲ್ಲ, ಬಿಟ್ಟು ಹೋಗುವವರೂ ಇಲ್ಲ. ಹೊಸಬರಿಗೆ ಪಗಡಿ ಅನ್ನುವ ದೊಡ್ಡ ಮೊತ್ತ ಕೊಡದೆ ರೂಮು ಸಿಗುತ್ತಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಬಗ್ಗೆ ಸ್ಟ್ಯಾನ್‌ಫರ್ಡ್ ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನವೂ ಹತ್ತಿರದ ಮಾತೇ ಹೇಳುತ್ತದೆ: 1994ರಲ್ಲಿ ಮಿತಿಗೆ ಒಳಪಟ್ಟ ಕಟ್ಟಡಗಳ ಮಾಲೀಕರು ಬಾಡಿಗೆಗೆ ಕೊಡುವ ಮನೆಗಳನ್ನು ಶೇ 15ರಷ್ಟು ಕಡಿಮೆ ಮಾಡಿದರು. ಅದರಿಂದ ಇಡೀ ಊರಿನ ಬಾಡಿಗೆ ಏರಿತು.

ಹಾಗಾದರೆ ಏನು ಮಾಡಬೇಕು? ಸೇಂಟ್ ಪಾಲ್ ಪಕ್ಕದಲ್ಲೇ ಮಿನಿಯಾಪೊಲಿಸ್ ಇದೆ. ಅವರು ಮಿತಿ ಹಾಕಲಿಲ್ಲ. ಒಂದು ಸೈಟಿಗೆ ಒಂದೇ ಮನೆ ಅನ್ನುವ ನಿಯಮ ತೆಗೆದರು. ಇಷ್ಟು ಪಾರ್ಕಿಂಗ್ ಇರಲೇಬೇಕು ಅನ್ನುವುದನ್ನೂ 2021ರಲ್ಲಿ ಬಿಟ್ಟರು. ಬಸ್ ಓಡುವ ರಸ್ತೆಗಳಲ್ಲಿ ದೊಡ್ಡ ಕಟ್ಟಡಗಳಿಗೆ ಒಪ್ಪಿಗೆ ಕೊಟ್ಟರು. 2017ರಿಂದ 2022ರವರೆಗೆ ಅಲ್ಲಿ ಮನೆಗಳ ಸಂಖ್ಯೆ ಶೇ 12 ಏರಿತು, ಬಾಡಿಗೆ ಏರಿದ್ದು ಶೇ 1 ಮಾತ್ರ. ಮಿನ್ನೆಸೋಟದ ಉಳಿದ ಕಡೆ ಅದೇ ಅವಧಿಯಲ್ಲಿ ಶೇ 14. ನಮ್ಮ ಸುತ್ತ ಜಾಗಕ್ಕೆ ಬರವಿಲ್ಲ, ಕಣ್ಣು ಹಾಯುವಷ್ಟು ದೂರ ಹೊಲ. ಅಲ್ಲಿಗೆ ನೀರಿನ ಪೈಪು, ಒಳಚರಂಡಿ ಎಳೆಯಲು ಊರು ಹಣ ಹಾಕಲಿ. ಊರೊಳಗೆ ನಾಲ್ಕು ಮನೆಯ ಕಟ್ಟಡ ಬಂದರೆ ಟ್ರಾಫಿಕ್ ಜಾಸ್ತಿಯಾಗುತ್ತದೆ ಅಂತ ಅಡ್ಡ ಬರುವವರ ಎದುರು ನಾವೂ ಎದ್ದು ನಿಂತು ಮಾತಾಡಬೇಕು. ಬಾಡಿಗೆ ಏರಿಸುವ ಮೊದಲು ಮೂರು ತಿಂಗಳ ನೋಟಿಸ್ ಕಡ್ಡಾಯ ಮಾಡಲಿ, ಅರ್ಜಿ ಶುಲ್ಕಕ್ಕೂ ಮಿತಿ ಇರಲಿ. ಅದರಿಂದ ಯಾರೂ ಕಟ್ಟುವುದನ್ನು ನಿಲ್ಲಿಸುವುದಿಲ್ಲ.

ನಮಗೆ ಮನೆ ಸಿಕ್ಕಿದ್ದು ಒಬ್ಬರು ವರ್ಗವಾಗಿ ಊರು ಬಿಟ್ಟಿದ್ದರಿಂದ. ಸೆಪ್ಟೆಂಬರ್ ಕೊನೆಯಲ್ಲಿ ಆಫೀಸಿನಿಂದ ಫೋನ್ ಬಂತು. ಎರಡನೇ ಮಹಡಿ, ಕಿಟಕಿ ತೆಗೆದರೆ ಪಾರ್ಕಿಂಗ್ ಲಾಟ್, ಬೇಕಾ ಅಂದರು. ಬಾಡಿಗೆ ಎಷ್ಟು ಅಂತ ಕೇಳಿದ್ದು ಹೂಂ ಅಂದ ಮೇಲೆ.