ಸಿಮೆಂಟ್ ತಿಂದ ಕೈ

ನಮ್ಮಪ್ಪ ಗಾರೆ ಮೇಸ್ತ್ರಿ. ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಬಂದು, ಲಗ್ಗೆರೆಯಲ್ಲಿ ಶೀಟಿನ ಮನೆ ಹಿಡಿದು, ಮೊದಲು ಬಾಂಡ್ಲಿ ಹೊತ್ತವರು. ಆಮೇಲೆ ಕರಣೆ ಕೈಗೆ ಬಂತು. ಅವರು ಪ್ಲಾಸ್ಟರಿಂಗ್ ಮಾಡಿದ ಗೋಡೆಗೆ ಮಟ್ಟದ ಪಟ್ಟಿ ಇಟ್ಟು ನೋಡುವ ಅಗತ್ಯವೇ ಇರಲಿಲ್ಲ ಅಂತ ಈಗಲೂ ಹಳೆಯ ಕಂಟ್ರಾಕ್ಟರ್‌ಗಳು ಹೇಳುತ್ತಾರೆ.

ಆ ಕೈ ಹೇಗಿತ್ತು ಅಂತ ಹೇಳುತ್ತೇನೆ. ಬೆರಳ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ನೀರುಗುಳ್ಳೆಗಳು. ಕೆರೆದರೆ ಒಡೆದು ರಸಿಗೆ. ಒಣಗಿದ ಮೇಲೆ ಅಂಗೈ ಪೂರ್ತಿ ದಪ್ಪಗಾಗಿ, ಬೇಸಿಗೆಯ ಕೆರೆಯ ಮಣ್ಣಿನ ಹಾಗೆ ಸೀಳು ಬಿಡುತ್ತಿತ್ತು. ಸಾರಿನ ಖಾರ ಸೀಳಿಗೆ ತಾಗುತ್ತೆ ಅಂತ ಚಮಚ ಹಿಡಿದು ಉಣ್ಣುತ್ತಿದ್ದರು. ಜೋಳದ ರೊಟ್ಟಿಯನ್ನು ಅವ್ವ ಮುರಿದು ತಟ್ಟೆಗೆ ಹಾಕಬೇಕಿತ್ತು. ರಾತ್ರಿ ಕೆರೆತ ತಡೆಯಲಾಗದೆ ಎದ್ದು ಕೂತು, ಕೈಯನ್ನು ಬಕೆಟ್ ನೀರಿನಲ್ಲಿ ಅದ್ದಿಟ್ಟುಕೊಂಡಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಕೇಳಿದರೆ ಒಂದೇ ಮಾತು. "ಸಿಮೆಂಟ್ ಕೈ ತಿಂದೈತಿ ತಮ್ಮಾ. ಎಲ್ಲಾ ಗೌಂಡಿಗೂ ಹಿಂಗಽ."

ಹನ್ನೆರಡು ವರ್ಷ ನಾವು ಆ ಮಾತನ್ನು ನಂಬಿದೆವು. ಅದಕ್ಕೇ ಈ ಬರಹ. ನಾನು ಡಾಕ್ಟರ್ ಅಲ್ಲ, ಡಿಪ್ಲೊಮಾ ಸಿವಿಲ್ ಓದಿ ಸೈಟ್ ನೋಡಿಕೊಳ್ಳುವವನು. ಆದರೆ ಇದಕ್ಕೆ ಅಲರ್ಜಿಕ್ ಕಾಂಟ್ಯಾಕ್ಟ್ ಡರ್ಮಟೈಟಿಸ್, ಅಂದರೆ ಚರ್ಮಕ್ಕೆ ತಾಗಿದ್ದರಿಂದ ಏಳುವ ಅಲರ್ಜಿ, ಅಂತ ಒಂದು ಹೆಸರಿದೆ, ಒಂದು ಪರೀಕ್ಷೆ ಇದೆ, ತಡೆಯುವ ದಾರಿಯೂ ಇದೆ. ಇದು ನಮ್ಮ ಸೈಟುಗಳಲ್ಲಿ ಯಾರಿಗೂ ಗೊತ್ತಿಲ್ಲ ಅನ್ನುವುದು ನನಗೆ ನಿಜಕ್ಕೂ ಸಂಕಟ ಕೊಡುತ್ತದೆ.

ಮೊದಲು ನಾವು ಏನೇನು ಮಾಡಿದೆವು ಅಂತ ಕೇಳಿ. ಅವ್ವ ನಂಜು ಅಂದಳು. ಬದನೆಕಾಯಿ ಬಂದ್, ಶೇಂಗಾ ಬಂದ್. ಪಕ್ಕದ ಮನೆಯವರು ಉಷ್ಣ ಅಂದರು, ಬೇವಿನೆಣ್ಣೆ ಹಚ್ಚಿದೆವು. ಮೆಡಿಕಲ್ ಶಾಪಿನಲ್ಲಿ ಕೈ ತೋರಿಸಿದರೆ ಒಂದು ಟ್ಯೂಬ್ ಕೊಟ್ಟರು. ಹಚ್ಚಿದ ಮೂರನೇ ದಿನಕ್ಕೆ ಕೈ ನುಣ್ಣಗೆ! ಅಪ್ಪನಿಗೆ ಅದೇ ದೇವರಾಯಿತು. ಬಿಟ್ಟ ವಾರಕ್ಕೆ ಮೊದಲಿಗಿಂತ ಜಾಸ್ತಿ. ಮತ್ತೆ ಟ್ಯೂಬ್. ಅದರಲ್ಲಿ ಬಲವಾದ ಸ್ಟಿರಾಯ್ಡ್, ಫಂಗಸ್ ಔಷಧಿ, ಆಂಟಿಬಯೋಟಿಕ್ ಮೂರೂ ಕಲಸಿತ್ತು ಅಂತ ಆಮೇಲೆ ಗೊತ್ತಾಯಿತು. ವರ್ಷಗಟ್ಟಲೆ ಹಚ್ಚಿ ಮುಂಗೈ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ, ನರ ಎಲ್ಲಾ ಕಾಣುತ್ತಿತ್ತು. ಇಂಥ ಟ್ಯೂಬನ್ನು ಚೀಟಿ ಇಲ್ಲದೆ ಕೊಡಬಾರದು. ಕೊಡುತ್ತಾರೆ. ಎಲ್ಲರಿಗೂ ಗೊತ್ತಿರುವ ವಿಷಯ, ಅಲ್ವಾ?

ಆಮೇಲೆ ಯಾರೋ ಹೇಳಿದರು ಅಂತ ಒಂದು ಲ್ಯಾಬಿನಲ್ಲಿ ಅಲರ್ಜಿಯ ರಕ್ತ ಪರೀಕ್ಷೆ ಮಾಡಿಸಿದೆ. ನನ್ನ ಮೊದಲ ಸಂಬಳದ ಮುಕ್ಕಾಲು ಪಾಲು ಅದಕ್ಕೇ ಹೋಯಿತು. ಮೂರು ಪುಟದ ವರದಿ. ಧೂಳು, ಕಡಲೆ, ಸೀಗಡಿ, ಜಿರಳೆ, ಎಲ್ಲದರ ಮುಂದೂ ಒಂದೊಂದು ಅಂಕಿ. ಸಿಮೆಂಟಿನ ಸುದ್ದಿಯೇ ಇಲ್ಲ. ಈಗ ಅರ್ಥವಾಗಿದೆ. ಆ ರಕ್ತ ಪರೀಕ್ಷೆ ಬೇರೆ ಜಾತಿಯ ಅಲರ್ಜಿಗೆ. ಸೀಗಡಿ ತಿಂದ ತಕ್ಷಣ ಮೈಯೆಲ್ಲಾ ದದ್ದು ಏಳುವುದು, ಉಬ್ಬಸ ಬರುವುದು, ಅಂಥದ್ದಕ್ಕೆ. ಚರ್ಮಕ್ಕೆ ತಾಗಿ ಒಂದೆರಡು ದಿನ ಬಿಟ್ಟು ಏಳುವ ಅಲರ್ಜಿ ರಕ್ತದ ಆ ಪರೀಕ್ಷೆಯಲ್ಲಿ ಸಿಗುವುದೇ ಇಲ್ಲ. ಪಾಪ, ಆ ವರದಿ ನೋಡಿ ಅಪ್ಪ ಎರಡು ವರ್ಷ ಕಡಲೆ ಮುಟ್ಟಲಿಲ್ಲ.

ಗುಟ್ಟು ಬಿಟ್ಟುಕೊಟ್ಟಿದ್ದು ಊರ ಜಾತ್ರೆ. ಒಂದು ವರ್ಷ ಅಜ್ಜಿಯ ಕಾರ್ಯವೂ ಸೇರಿ ಅಪ್ಪ ಮೂರು ವಾರ ಊರಿನಲ್ಲೇ ಉಳಿದರು. ಬದನೆಕಾಯಿ ಎಣ್ಣೆಗಾಯಿ ಹೊಟ್ಟೆ ತುಂಬಾ ತಿಂದರು. ವಾಪಸ್ ಬಂದಾಗ ಕೈ ಮುಕ್ಕಾಲು ಪಾಲು ವಾಸಿ. ಸೋಮವಾರ ಕೆಲಸಕ್ಕೆ ಹೋದರು. ಬುಧವಾರ ಬೆಳಿಗ್ಗೆ ಎದ್ದರೆ ಬೆರಳ ಸಂದಿಯಲ್ಲಿ ಅದೇ ಗುಳ್ಳೆ. ಆ ದಿನ ನಾನು ಅವರನ್ನು ಗಾಡಿಯಲ್ಲಿ ಕೂರಿಸಿಕೊಂಡು ಒಂದು ಸರ್ಕಾರಿ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋದೆ.

ಅಲ್ಲಿದ್ದ ಮೇಡಂ ಔಷಧಿ ಬರೆಯುವ ಮೊದಲು ಹತ್ತು ನಿಮಿಷ ಸುಮ್ನೆ ಪ್ರಶ್ನೆ ಕೇಳಿದರು. ಯಾವ ಕೆಲಸ, ಯಾವ ಕೈಯಲ್ಲಿ ಕರಣೆ, ರಜೆಯಲ್ಲಿ ಕಡಿಮೆ ಆಗುತ್ತಾ, ಕೈ ಯಾವುದರಲ್ಲಿ ತೊಳೆಯುತ್ತೀರಿ. ಕೊನೆಗೆ, "ಯಜಮಾನ್ರೇ, ಚಪ್ಪಲಿ ಬಿಡಿ" ಅಂದರು. ಅಪ್ಪ ನಾಚಿಕೊಂಡು ಬಿಟ್ಟರು. ಎರಡೂ ಪಾದದ ಮೇಲೆ ಚಪ್ಪಲಿಯ ಪಟ್ಟಿ ಕೂರುವ ಜಾಗದಲ್ಲೇ, ಗೆರೆ ಎಳೆದ ಹಾಗೆ ಕಪ್ಪಗೆ ಒರಟಾದ ಚರ್ಮ. ಹನ್ನೆರಡು ವರ್ಷ ಒಂದೇ ಮನೆಯಲ್ಲಿದ್ದು ನಾನು ಅದನ್ನು ನೋಡಿರಲಿಲ್ಲ.

"ಸಿಮೆಂಟು, ತೊಗಲು ಎರಡರಲ್ಲೂ ಇರೋದು ಒಂದೇ. ಕ್ರೋಮಿಯಂ. ಪರೀಕ್ಷೆ ಮಾಡೋಣ" ಅಂದರು.

ಸಿಮೆಂಟ್ ಮಾಡುವ ಸುಣ್ಣದ ಕಲ್ಲು, ಜೇಡಿಮಣ್ಣಿನಲ್ಲಿ ಕ್ರೋಮಿಯಂ ಚೂರುಪಾರು ಇದ್ದೇ ಇರುತ್ತದೆ. ಗೂಡಿನಲ್ಲಿ ಸುಮಾರು 1450 ಡಿಗ್ರಿ ಶಾಖದಲ್ಲಿ ಅದನ್ನು ಸುಡುವಾಗ ಸ್ವಲ್ಪ ಭಾಗ ಕ್ರೋಮಿಯಂ-6 ಅನ್ನುವ ರೂಪಕ್ಕೆ ತಿರುಗುತ್ತದೆ. ಇದು ನೀರಿನಲ್ಲಿ ಕರಗುತ್ತದೆ. ನೀರು ಹಾಕಿ ಕಲಸಿದ ಸಿಮೆಂಟಿನ ಹಸಿ ಮಾಲಿನಿಂದ ಚರ್ಮದೊಳಗೆ ಇಳಿದು, ಅಲ್ಲಿ ನಮ್ಮದೇ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಕೆಲವರ ದೇಹದ ಕಾವಲಿನ ಕಣಗಳು ಅದನ್ನು ಶತ್ರು ಅಂತ ಗುರುತಿಟ್ಟುಕೊಂಡುಬಿಡುತ್ತವೆ. ತಿಂಗಳುಗಳೇ ಹಿಡಿಯಬಹುದು, ವರ್ಷಗಳೇ ಹಿಡಿಯಬಹುದು. ಒಮ್ಮೆ ಗುರುತಾದರೆ ಸಾಮಾನ್ಯವಾಗಿ ಜೀವಮಾನವಿಡೀ ಮರೆಯುವುದಿಲ್ಲ. "ಇಪ್ಪತ್ತು ವರ್ಷ ಏನೂ ಆಗಿರಲಿಲ್ಲ, ಈಗ್ಯಾಕೆ?" ಅಂತ ಕೇಳುವವರಿಗೆ ಉತ್ತರ ಇದೇ.

ಇದರ ಜೊತೆ ಇನ್ನೊಂದನ್ನು ಕಲಸಿಕೊಳ್ಳಬೇಡಿ. ಹಸಿ ಸಿಮೆಂಟ್ ಬಲವಾದ ಕ್ಷಾರ. ಅದು ಅಲರ್ಜಿ ಇಲ್ಲದವರ ಚರ್ಮವನ್ನೂ ಸುಡುತ್ತದೆ. ಮೋಲ್ಡ್ ಹಾಕುವಾಗ ಗಮ್‌ಬೂಟಿನೊಳಗೆ ಕಾಂಕ್ರೀಟ್ ಇಳಿದರೆ ಆಗ ನೋವೇ ಗೊತ್ತಾಗುವುದಿಲ್ಲ, ಗಂಟೆಗಳ ಮೇಲೆ ಆಳವಾದ ಗಾಯವಾಗಿರುತ್ತದೆ. ತಕ್ಷಣ ಬೂಟು ಬಿಚ್ಚಿ, ಹರಿಯುವ ನೀರಿನಲ್ಲಿ ತುಂಬಾ ಹೊತ್ತು ತೊಳೆದು, ಆಸ್ಪತ್ರೆಗೆ ಹೋಗಬೇಕು. ಮತ್ತೆ, ಈ ಕ್ಷಾರ ಒಡೆದಿಟ್ಟ ಚರ್ಮದಲ್ಲೇ ಕ್ರೋಮಿಯಂ ಸಲೀಸಾಗಿ ಒಳಗೆ ಹೋಗುವುದು.

ಪರೀಕ್ಷೆಯ ಹೆಸರು ಪ್ಯಾಚ್ ಟೆಸ್ಟ್. ಸೂಜಿ ಇಲ್ಲ, ರಕ್ತ ಇಲ್ಲ. ಬೆನ್ನಿನ ಮೇಲೆ ಸಾಲಾಗಿ ಸಣ್ಣ ಬಿಲ್ಲೆಗಳನ್ನು ಅಂಟಿಸುತ್ತಾರೆ. ಒಂದೊಂದರಲ್ಲಿ ಒಂದೊಂದು ರಾಸಾಯನಿಕ, ಹೆಚ್ಚಿನವು ಪೆಟ್ರೋಲಿಯಂ ಜೆಲ್ಲಿಯಲ್ಲಿ ಕಲಸಿದ್ದು. ಕ್ರೋಮಿಯಂಗೆ ಪೊಟ್ಯಾಸಿಯಂ ಡೈಕ್ರೋಮೇಟ್. ನಿಕ್ಕಲ್, ರಬ್ಬರಿನ ರಾಸಾಯನಿಕ, ಹೇರ್ ಡೈಯಲ್ಲಿರುವ ಪಿಪಿಡಿ ಇವೂ ಅದೇ ಸಾಲಿನಲ್ಲಿ ಇರುತ್ತವೆ. ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ. ಮತ್ತೆ ಎರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಈ ಎರಡನೇ ಸಲ ತಪ್ಪಿಸಿದರೆ ಪರೀಕ್ಷೆ ಅರ್ಧಂಬರ್ಧ. ಅಷ್ಟೂ ದಿನ ಬೆನ್ನು ನೆನೆಯಬಾರದು, ಬೆವರಬಾರದು. ಸ್ಟಿರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಬೇಕು, ಇಲ್ಲದಿದ್ದರೆ ಇದ್ದ ಅಲರ್ಜಿಯೂ ಕಾಣದೆ ಹೋಗಬಹುದು. ಜರ್ಮನ್ ಡಾಕ್ಟರ್ ಜೋಸೆಫ್ ಯಾಡಾಸೋನ್ 1895ರಲ್ಲಿ ತೋರಿಸಿಕೊಟ್ಟ ವಿಧಾನ ಇದು. ಸಿಮೆಂಟ್ ಕಜ್ಜಿ ಇದ್ದವರಲ್ಲಿ ಡೈಕ್ರೋಮೇಟ್ ಬಿಲ್ಲೆ ಕೆಂಪಾಗುತ್ತದೆ ಅಂತ ಸ್ವಿಟ್ಜರ್ಲೆಂಡಿನಲ್ಲಿ 1950ರಲ್ಲೇ ಬರೆದಿಟ್ಟಿದ್ದಾರೆ. ನಮ್ಮಪ್ಪ ಹುಟ್ಟುವುದಕ್ಕೂ ಮೊದಲು!

ಅಪ್ಪನ ಬೆನ್ನಿನ ಮೇಲೆ ಆ ಒಂದೇ ಚುಕ್ಕೆ ಕೆಂಪಗೆ ಊದಿ, ಮೇಲೆ ಸಣ್ಣ ಗುಳ್ಳೆ ಎದ್ದಿತ್ತು. ನಾನು ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿದೆ. ಬಹಳ ಹೊತ್ತು ನೋಡಿದರು. "ಹಂಗಾದ್ರ ಬದನಿಕಾಯಿ ತಿನ್ನಬೌದಾ?" ಅಂತ ಕೇಳಿದರು. ನನಗೆ ಅಳು ಬಂತು.

ಚಿಕಿತ್ಸೆ ದೊಡ್ಡ ರಹಸ್ಯವೇನಲ್ಲ. ಲೆಕ್ಕ ಹಾಕಿ ಕೊಟ್ಟ ಸ್ಟಿರಾಯ್ಡ್ ಮುಲಾಮು, ಇಷ್ಟು ದಿನ ಅಂತ ಬರೆದು, ನಿಧಾನಕ್ಕೆ ಕಡಿಮೆ ಮಾಡುತ್ತಾ ಬಂದರು. ಸ್ಟಿರಾಯ್ಡ್ ಅಂದರೆ ವಿಷ ಅಲ್ಲ, ಯಾರೂ ನೋಡಿಕೊಳ್ಳದೆ ವರ್ಷಗಟ್ಟಲೆ ಹಚ್ಚುವುದು ವಿಷ. ಕೀವಾಗಿದ್ದಕ್ಕೆ ಐದು ದಿನ ಮಾತ್ರೆ. ಪ್ರತಿ ಸಲ ಕೈ ತೊಳೆದ ಮೇಲೂ ಪೆಟ್ರೋಲಿಯಂ ಜೆಲ್ಲಿ. ಬಟ್ಟೆ ಸೋಪು, ಸೀಮೆಎಣ್ಣೆಯಲ್ಲಿ ಕೈ ತಿಕ್ಕುವುದು ಬಂದ್. ತೊಗಲಿನ ಚಪ್ಪಲಿ ಹೋಗಿ ಹವಾಯಿ ಚಪ್ಪಲಿ ಬಂತು. ಬೆಂಕಿಕಡ್ಡಿಯ ಮದ್ದಿನಲ್ಲೂ ಡೈಕ್ರೋಮೇಟ್ ಇರುತ್ತದಂತೆ, ಕಡ್ಡಿಪೊಟ್ಟಣ ಜೇಬಿನಲ್ಲಿಟ್ಟುಕೊಳ್ಳಬೇಡಿ ಅಂದರು. ಆ ನೆಪದಲ್ಲಿ ಬೀಡಿಯೂ ಕಡಿಮೆಯಾಯಿತು.

ಆದರೆ ಎಲ್ಲಕ್ಕಿಂತ ಮೊದಲು ಚೀಟಿಯಲ್ಲಿ ಬರೆದಿದ್ದ ಸಾಲು ಇದು: ಸಿಮೆಂಟ್ ಮುಟ್ಟಬಾರದು.

ನನ್ನ ತಕರಾರು ಇಲ್ಲಿಂದಲೇ ಶುರು. ಡಾಕ್ಟರ್ ಹೇಳಿದ್ದು ಸರಿ, ಅವರ ಮೇಲೆ ನನಗೆ ಗೌರವವಿದೆ. ಆದರೆ ಐವತ್ತು ದಾಟಿದ ಮೇಸ್ತ್ರಿಗೆ ಸಿಮೆಂಟ್ ಬಿಡಿ ಅಂದರೆ ಊಟ ಬಿಡಿ ಅಂದ ಹಾಗೆ. ಬರೀ ಪರೀಕ್ಷೆಗೇ ವಾರದ ಕೂಲಿ ಹೋಗುತ್ತದೆ. ಬೆವರಬಾರದು ಅಂದರೆ ಗಾರೆ ಕೆಲಸ ಮಾಡುವುದು ಹೇಗೆ? ಬಟವಾಡೆಯ ದಿನ ಕೈಗೆ ಏನು ಬರುತ್ತೆ? ಎಷ್ಟೋ ಜನ ಬಿಲ್ಲೆ ಅಂಟಿಸಿಕೊಂಡು ಹೋದವರು ಎರಡನೇ ಸಲ ತೋರಿಸಲು ಬರುವುದೇ ಇಲ್ಲ ಅಂತ ಮೇಡಂ ಬೇಜಾರಿನಿಂದ ಹೇಳಿದರು. ಅದು ಅವರ ಉದಾಸೀನ ಅಲ್ಲ, ಮನೆಯಲ್ಲಿ ಅಕ್ಕಿ ಮುಗಿದಿರುತ್ತದೆ.

ಕಾಯಿಲೆಯನ್ನು ಮೂಟೆಯಲ್ಲೇ ತಡೆಯಬಹುದು ಅನ್ನುವುದು ಗೊತ್ತಾದ ಮೇಲಂತೂ ನನಗೆ ಸಮಾಧಾನವೇ ಇಲ್ಲ. ಸಿಮೆಂಟಿಗೆ ಸ್ವಲ್ಪ ಫೆರಸ್ ಸಲ್ಫೇಟ್ ಬೆರೆಸಿದರೆ ಕ್ರೋಮಿಯಂ-6 ಹೋಗಿ ಕ್ರೋಮಿಯಂ-3 ಆಗುತ್ತದೆ. ಅದು ಚರ್ಮದೊಳಗೆ ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ಫೆರಸ್ ಸಲ್ಫೇಟ್ ಅಂದರೆ ಕಬ್ಬಿಣದ ಲವಣ, ರಕ್ತಹೀನತೆಗೆ ಕೊಡುವ ಮಾತ್ರೆಯಲ್ಲೂ ಇರುತ್ತದೆ. ಡೆನ್ಮಾರ್ಕ್ 1981ರಲ್ಲೇ ಇದನ್ನು ಬೆರೆಸಲು ಶುರು ಮಾಡಿ, 1983ರಲ್ಲಿ ಕಾನೂನು ಮಾಡಿತು. ಯುರೋಪಿಯನ್ ಒಕ್ಕೂಟ 2005ರ ಜನವರಿಯಿಂದ ಮಿತಿ ಹಾಕಿದೆ: ಹತ್ತು ಲಕ್ಷ ಪಾಲು ಸಿಮೆಂಟಿನಲ್ಲಿ ಕರಗುವ ಕ್ರೋಮಿಯಂ-6 ಎರಡು ಪಾಲು ಮೀರಬಾರದು. ನಮ್ಮ 50 ಕೆಜಿ ಮೂಟೆಗೆ ಲೆಕ್ಕ ಹಾಕಿದರೆ 0.1 ಗ್ರಾಂ, ಒಂದು ಚಿಟಿಕೆಯೂ ಅಲ್ಲ. ಬೆರೆಸಿದ್ದರ ಗುಣ ದಿನ ಕಳೆದಂತೆ ಕುಗ್ಗುವುದರಿಂದ, ಎಷ್ಟು ದಿನದೊಳಗೆ ಬಳಸಬೇಕು ಅಂತಲೂ ಅಲ್ಲಿ ಮೂಟೆಯ ಮೇಲೆ ಬರೆಯಬೇಕು. ನಾನು ಈಗ ಸೈಟಿಗೆ ಬರುವ ಪ್ರತಿ ಮೂಟೆಯನ್ನೂ ತಿರುಗಿಸಿ ಓದುತ್ತೇನೆ. ತೂಕ ಇದೆ, ಗ್ರೇಡ್ ಇದೆ, ತಯಾರಾದ ವಾರ ಇದೆ. ಕ್ರೋಮಿಯಂ ಬಗ್ಗೆ ಒಂದು ಸಾಲನ್ನೂ ನಾನು ಈವರೆಗೆ ಕಂಡಿಲ್ಲ.

ಕಾನೂನು ಇಲ್ಲವೇ ಇಲ್ಲ ಅಂತ ಅಲ್ಲ. 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಪಟ್ಟಿಯಲ್ಲೂ, 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಕ್ರೋಮಿಯಂನಿಂದ ಬರುವ ಕಾಯಿಲೆಗಳನ್ನು ಕೆಲಸದಿಂದ ಬಂದ ಕಾಯಿಲೆ ಅಂತಲೇ ಬರೆದಿದ್ದಾರೆ. ಆದರೆ ಒಬ್ಬರೇ ಮಾಲೀಕರ ಹತ್ತಿರ ಸತತ ಆರು ತಿಂಗಳು ದುಡಿದಿರಬೇಕು. ಈ ತಿಂಗಳು ಸುಂಕದಕಟ್ಟೆ, ಮುಂದಿನ ತಿಂಗಳು ಯಲಹಂಕ ಅಂತ ಓಡುವ ಗಾರೆಯವರು ಆರು ತಿಂಗಳ ಲೆಕ್ಕ ಎಲ್ಲಿಂದ ತರಬೇಕು? ಇನ್ನೊಂದು ಕಡೆ, ಕಟ್ಟಡ ಕಟ್ಟುವವರಿಂದ ವೆಚ್ಚದ ಶೇಕಡಾ 1ರಷ್ಟು ಸೆಸ್ ವಸೂಲಿ ಮಾಡಿ ಕಾರ್ಮಿಕರ ಕಲ್ಯಾಣ ಮಂಡಳಿಗೆ ಕೊಡುತ್ತಾರೆ. ಲೇಬರ್ ಕಾರ್ಡ್ ಇದ್ದವರಿಗೆ ಪ್ಯಾಚ್ ಟೆಸ್ಟಿನ ಐದು ದಿನದ ಕೂಲಿಯನ್ನು ಆ ಹಣದಿಂದ ಕೊಡಲಿ. ನನ್ನ ಬೇಡಿಕೆ ಇಷ್ಟೇ. ಇದನ್ನು ಓದುವವರಲ್ಲಿ ಯೂನಿಯನ್‌ನವರು ಇದ್ದರೆ ದಯವಿಟ್ಟು ಎತ್ತಿಕೊಳ್ಳಿ.

ಮನೆ ಕಟ್ಟಿಸುತ್ತಿರುವವರಿಗೆ ಒಂದು ಮಾತು. ಹತ್ತಿ ಗ್ಲೌಸ್ ಕೊಟ್ಟು ಕೈತೊಳೆದುಕೊಳ್ಳಬೇಡಿ. ಅದು ಸಿಮೆಂಟ್ ನೀರನ್ನು ಹೀರಿ ದಿನವಿಡೀ ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ತೊಗಲಿನದ್ದು ಬೇಡವೇ ಬೇಡ. ನೈಟ್ರೈಲ್ ಅಥವಾ ಪಿವಿಸಿ ಗ್ಲೌಸ್, ಮೊಣಕೈವರೆಗೆ ಬರುವಂಥದ್ದು ತನ್ನಿ. ಒಳಗೆ ಮಾಲು ಹೋದರೆ ತೆಗೆದು ತೊಳೆಯಲು ಬಿಡಿ. ಕ್ಯೂರಿಂಗ್‌ಗೆ ಟ್ಯಾಂಕರ್ ನೀರು ತರಿಸುತ್ತೀರಲ್ಲ, ಅದರಲ್ಲಿ ಒಂದು ಡ್ರಮ್ ಕೈ ತೊಳೆಯಲು ಅಂತಲೇ ಬೇರೆ ಇಡಿ. ಮಾಲು ಕಲಸಿದ ಬಾಂಡ್ಲಿಯ ನೀರಿನಲ್ಲೇ ಅವರು ಕೈ ತೊಳೆಯುವುದನ್ನು ನೀವು ನೋಡಿರುತ್ತೀರಿ.

ಅಪ್ಪ ಈಗ ಕರಣೆ ಹಿಡಿಯುವುದಿಲ್ಲ. ನನ್ನ ಸೈಟಿನಲ್ಲೇ ದಾರ ಕಟ್ಟಿ ಲೈನ್ ಕೊಡುತ್ತಾರೆ, ಹುಡುಗರಿಗೆ ಕೆಲಸ ಹೇಳುತ್ತಾರೆ. ಕೈ ಪೂರ್ತಿ ಮೊದಲಿನಂತಾಗಿಲ್ಲ, ಚಳಿಗಾಲದಲ್ಲಿ ಬಿರಿಯುತ್ತದೆ. ರೊಟ್ಟಿ ತಾವೇ ಮುರಿಯುತ್ತಾರೆ.

ಹೋದ ವಾರ ರಾಯಚೂರಿನ ಒಬ್ಬ ಹೆಲ್ಪರ್ ಹುಡುಗ ಬಾಂಡ್ಲಿ ಇಳಿಸಿ ಮಣಿಕಟ್ಟು ಕೆರೆದುಕೊಳ್ಳುತ್ತಿದ್ದ. ಅಪ್ಪ ಕರೆದು ಅವನ ಬೆರಳು ಬಿಡಿಸಿ ನೋಡಿದರು, ಆಮೇಲೆ ಚಪ್ಪಲಿ ಬಿಡು ಅಂದರು. ಇವತ್ತು ಸೋಮವಾರ, ಬೆಳಿಗ್ಗೆ ಅವನ ಬೆನ್ನಿಗೆ ಬಿಲ್ಲೆ ಅಂಟಿಸಿಕೊಂಡು ಬಂದಿದ್ದೇವೆ. ಬುಧವಾರ ಒಮ್ಮೆ, ಶುಕ್ರವಾರ ಒಮ್ಮೆ ತೋರಿಸಬೇಕು. ಅಲ್ಲಿಯವರೆಗೆ ಗೇಟಿನ ನೆರಳಿನಲ್ಲಿ ಕೂತು ಬಂದು ಹೋಗುವ ಗಾಡಿ ಬರೆದುಕೊಳ್ಳಲಿ ಅಂತ ಹೇಳಿದ್ದೇನೆ. ಶುಕ್ರವಾರದವರೆಗಿನ ಹಾಜರಿ ಈಗಲೇ ಹಾಕಿಬಿಟ್ಟಿದ್ದೇನೆ.