ಅಜ್ಜ ತಂದ ‘1818ರ ರಾಮ ನಾಣ್ಯ’: ಸ್ಪಷ್ಟನೆ
‘ಅಜ್ಜ ಬರ್ಮಾದ ರಂಗೂನಿನಿಂದ ತಂದ ಈಸ್ಟ್ ಇಂಡಿಯಾ ಕಂಪನಿಯ 1818ರ ರಾಮ ಪಟ್ಟಾಭಿಷೇಕದ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆ, ರಿಸರ್ವ್ ಬ್ಯಾಂಕೇ ಕೊಳ್ಳುತ್ತದೆ’ ಎಂಬ ವಾಟ್ಸ್‌ಆ್ಯಪ್ ಸಂದೇಶ ತಪ್ಪು.

ಕಂಪನಿ ಅಂಥ ನಾಣ್ಯ ಟಂಕಿಸಿಯೇ ಇಲ್ಲ. 1818ರಲ್ಲಿ ಬಂಗಾಳ, ಮದ್ರಾಸು, ಬೊಂಬಾಯಿಗಳ ನಾಣ್ಯಗಳು ಬೇರೆ ಬೇರೆ ಇದ್ದವು. ಏಕರೂಪದ ನಾಣ್ಯ ಬಂದದ್ದು 1835ರಲ್ಲಿ. ‘ರಾಮ ನಾಣ್ಯ’ ಎನ್ನುವ ಇವು ಪೂಜೆಗೆಂದು ಆಮೇಲೆ ಮಾಡಿದ ಬಿಲ್ಲೆಗಳು. ಆಯಸ್ಕಾಂತಕ್ಕೆ ಅಂಟಿದರೆ ಒಳಗೆ ಕಬ್ಬಿಣವಿದೆ. ಅಂಟದ ಮಾತ್ರಕ್ಕೆ ಅಸಲಿಯಲ್ಲ, ಹಿತ್ತಾಳೆಯೂ ಅಂಟುವುದಿಲ್ಲ.

ಅಜ್ಜ ಬರ್ಮಾದಿಂದ ಬಂದದ್ದು ಇದರಿಂದ ಸುಳ್ಳಾಗದು. ಆದರೆ ಅದಕ್ಕೆ ಪುರಾವೆ ಹಳೆಯ ಪಾಸ್‌ಪೋರ್ಟ್, ಹಡಗಿನ ಟಿಕೆಟ್, ಕಾಗದಪತ್ರಗಳು. ಅವನ್ನು ದಯವಿಟ್ಟು ಜೋಪಾನ ಮಾಡಿ.

ಹಳೆಯ ನಾಣ್ಯ ಕೊಳ್ಳುವುದಿಲ್ಲ, ಅದಕ್ಕೆ ಶುಲ್ಕ, ಕಮಿಷನ್ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಹೇಳಿದೆ. ‘ನೋಂದಣಿ ಶುಲ್ಕ’ ಕೇಳಿದವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಸಂದೇಶವನ್ನು ಮುಂದೆ ಕಳಿಸುವುದನ್ನು ಇಲ್ಲಿಗೇ ನಿಲ್ಲಿಸಿ.